ತಿಪಟೂರಿಂದ ಕೇಳ್ತಿದ್ದೀನಿ: 5 ಲಕ್ಷ ಸಾಲ ಮಾಡಿ ಮಾರ್ಕೆಟಿಂಗ್ ಎಂಬಿಎ ಮಾಡಬಹುದಾ?

ಕಲ್ಪತರು_ಹುಡುಗಿ

ಎಲ್ರಿಗೂ ನಮಸ್ಕಾರ. ಬಿಕಾಂ ಮುಗಿಸಿ ಒಂದು ವರ್ಷ ದಾಟಿತು. ಸದ್ಯ ಇಲ್ಲೇ ತಿಪಟೂರಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ರ ಬಿಲ್ಲಿಂಗ್ ನೋಡ್ಕೊಳ್ತಿದ್ದೀನಿ. ಸೋಪು, ಪೇಸ್ಟು, ಬಿಸ್ಕತ್ತು. ಟ್ಯಾಲಿ ಎಂಟ್ರಿ, ಇ-ವೇ ಬಿಲ್, ಕಂಪನಿಗೆ ಸ್ಕೀಮ್ ಕ್ಲೈಮು, ಡ್ಯಾಮೇಜ್ ಕ್ಲೈಮು ಕಳಿಸೋದು (ಅಂದ್ರೆ ಅಂಗಡಿಗೆ ಕೊಟ್ಟ ರಿಯಾಯಿತಿ, ಹಾಳಾದ ಮಾಲಿನ ಹಣ ಕಂಪನಿಯಿಂದ ವಾಪಸ್ ಕೇಳೋದು) ನನ್ನ ಕೆಲಸ. ಸಂಬಳ 14,000.

ಎಂಬಿಎ ಸೀಟಿಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದಿದ್ದೀನಿ. ರ‍್ಯಾಂಕ್ ಅಷ್ಟೇನೂ ಮುಂದಿಲ್ಲ, ಬೆಂಗಳೂರಿನ ಒಂದು ಖಾಸಗಿ ಕಾಲೇಜು ಸಿಗಬಹುದು. ಫೀಸು, ಪಿಜಿ ಬಾಡಿಗೆ, ಊಟ, ಲ್ಯಾಪ್‌ಟಾಪ್ ಎಲ್ಲ ಸೇರಿ ಎರಡು ವರ್ಷಕ್ಕೆ 5 ಲಕ್ಷ ಬೇಕಾಗುತ್ತೆ. ಅಪ್ಪನಿಗೆ ಸ್ವಲ್ಪ ತೆಂಗಿನ ತೋಟ ಇದೆ. ಕೊಬ್ಬರಿ ರೇಟು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರಲ್ಲ, ಅದನ್ನು ನಂಬಿ ಫೀಸು ಕಟ್ಟೋಕಾಗಲ್ಲ. ಹಾಗಾಗಿ ಬ್ಯಾಂಕ್ ಸಾಲವೇ ದಾರಿ. ಅಪ್ಪ "ಓದ್ತೀಯಾ ಅಂದ್ರೆ ಓದು" ಅಂತಾರೆ. ಅಣ್ಣ ಮಾತ್ರ "ಮಾರ್ಕೆಟಿಂಗ್ ಅಂದ್ರೆ ಕೊನೆಗೆ ಅಂಗಡಿ ಅಂಗಡಿ ಸುತ್ತೋದು, ಅದಕ್ಕೆ ಡಿಗ್ರಿ ಯಾಕೆ" ಅಂತಾನೆ.

ಮಾರ್ಕೆಟಿಂಗೇ ಯಾಕೆ ಅಂತ ನೀವು ಕೇಳಬಹುದು. ನಮ್ಮ ಚಿಕ್ಕಮ್ಮ ಗಾಣದಲ್ಲಿ ಕೊಬ್ಬರಿ ಎಣ್ಣೆ ಮಾಡಿಸಿ ಮಾರ್ತಾರೆ. ಅವರಿಗೆ ವಾಟ್ಸಾಪ್ ಬಿಸಿನೆಸ್ಸಲ್ಲಿ ಕ್ಯಾಟಲಾಗ್ ಮಾಡಿಕೊಟ್ಟೆ. "ಶುದ್ಧ", "ನೈಸರ್ಗಿಕ" ಅಂತ ಎಲ್ಲರೂ ಬರೀತಾರೆ. ನಾನು ಬಾಟಲಿ ಪಕ್ಕ ಒಡೆದ ಕೊಬ್ಬರಿ ಬಟ್ಟಲು ಇಟ್ಟು ಫೋಟೋ ತೆಗೆದು, "ತಿಪಟೂರು ಕೊಬ್ಬರಿ, ಗಾಣಕ್ಕೆ ಹಾಕಿದ್ದು" ಅಂತ ಬರೆದು ಕೆಳಗೆ ತಾರೀಖು ಹಾಕಿದೆ. ಬೆಂಗಳೂರಿಂದ ಆರ್ಡರ್ ಬರೋಕೆ ಶುರುವಾಯ್ತು. ಯಾಕೆ ಬಂತು ಅಂತ ಯೋಚನೆ ಮಾಡ್ತಾ ಮಾಡ್ತಾ ಇದನ್ನೇ ಓದಬೇಕು ಅನ್ನಿಸಿದೆ. ಈ ಕೆಲಸದಲ್ಲಿ ಇರೋರು, ಓದಿದೋರು, ಓದದೇ ಇರೋರು ಎಲ್ಲರೂ ಹೇಳಿ.

ಹುಬ್ಬಳ್ಳಿ_ಬೀಟ್

ತಂಗಿ, ನಾ ಎಫ್‌ಎಂಸಿಜಿನಾಗ (ಸೋಪು, ಬಿಸ್ಕತ್ತಿನಂಥ ದಿನಬಳಕೆ ಸಾಮಾನಿನ ಕಂಪನಿ) ಏರಿಯಾ ಸೇಲ್ಸ್ ಮ್ಯಾನೇಜರ್ ಅದೀನಿ. ಎಂಬಿಎ ಮಾರ್ಕೆಟಿಂಗ್ ಮಾಡೀನಿ, ಧಾರವಾಡದಾಗ. ನಿಮ್ಮಣ್ಣ ಹೇಳಿದ್ದು ಮೊದಲಿನ ಎರಡು-ಮೂರು ವರ್ಷಕ್ಕ ಖರೇ ಐತಿ. ಅದರ ಮುಂದಿಂದು ಅವರಿಗೆ ಗೊತ್ತಿಲ್ಲ.

ನೀ ಯಾವ ಸಾಧಾರಣ ಕಾಲೇಜಿನಾಗ ಮಾರ್ಕೆಟಿಂಗ್ ಎಂಬಿಎ ಮಾಡಿದ್ರೂ ಮೊದಲನೇ ನೌಕರಿ ಸೇಲ್ಸ್‌ನಾಗ ಇರತೈತಿ. ಮುಂಜಾನೆ ಡಿಸ್ಟ್ರಿಬ್ಯೂಟರ್ ಪಾಯಿಂಟಿನಾಗ ಗೇಟ್ ಮೀಟಿಂಗ್, ಆಮ್ಯಾಲ ಸೇಲ್ಸ್‌ಮನ್ ಗಾಡಿ ಹಿಂದ ಕುಂತು ಬೀಟಿಗೆ, ಅಂದ್ರ ಆ ದಿನ ಸುತ್ತಬೇಕಾದ ಅಂಗಡಿಗಳಿಗೆ ಹೋಗೂದು. ಒಂದು ಬೀಟಿನಾಗ ನಲವತ್ತು ಅಂಗಡಿ ಅದಾವ ಅಂದ್ರ ಎಷ್ಟು ಬಿಲ್ ಕಟ್ ಆದ್ವು, ಒಂದೊಂದು ಬಿಲ್ಲಿನಾಗ ಎಷ್ಟು ಲೈನ್ (ಎಷ್ಟು ನಮೂನಿ ಮಾಲ್) ಅದಾವ, ಯಾವ ಅಂಗಡಿಯವ ಹೋದ ತಿಂಗಳು ತಗೊಂಡು ಈ ತಿಂಗಳು ಬ್ಯಾಡ ಅಂದ, ಯಾಕ ಅಂದ. ಇದ ನಮ್ಮ ಕೆಲಸ. ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಮಾರಿದ್ದು ಪ್ರೈಮರಿ, ಡಿಸ್ಟ್ರಿಬ್ಯೂಟರ್ ಅಂಗಡಿಗೆ ಮಾರಿದ್ದು ಸೆಕೆಂಡರಿ. ತಿಂಗಳ ಕಡೀ ವಾರದಾಗ ಗೋಡೌನ್ ತುಂಬ ಮಾಲ್ ಇದ್ರೂ ಮ್ಯಾಲಿನವ್ರು ಪ್ರೈಮರಿ ಹಾಕಸು ಅಂತಾರ, ಡಿಸ್ಟ್ರಿಬ್ಯೂಟರ್ "ನನ್ನ ರೊಕ್ಕ ಎಲ್ಲಾ ಇಲ್ಲೇ ಸಿಕ್ಕೊಂಡೈತಿ, ಹಳೇ ಕ್ಲೈಮ್ ಮೊದಲು ಕೊಡಸ್ರಿ" ಅಂತಾನ. ನಡುವ ನಿಂತು ಇಬ್ಬರಿಗೂ ಸುಳ್ಳು ಹೇಳಲಾರದ ಕೆಲಸ ಮಾಡೂದು ಕಲೀಬೇಕು.

2024ರ ಟಿ20 ವಿಶ್ವಕಪ್‌ನಾಗ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರ ಜರ್ಸಿ ಮ್ಯಾಲ ನಮ್ಮ ನಂದಿನಿ ಹೆಸರು ಬಂದಾಗ ಎಲ್ಲಾರೂ ಮಾರ್ಕೆಟಿಂಗ್ ಅಂದ್ರ ಇದು ನೋಡು ಅಂದ್ರು. ನನಗೂ ಹೆಮ್ಮಿ ಆತು. ಆದ್ರ ನಸುಕಿನಾಗ ಹಳ್ಳಿ ಬೂತಿನ ಮುಂದ ಹಾಲಿನ ಕ್ರೇಟ್ ತಪ್ಪಲಾರದ ಇಳೀತಾವಲ್ಲ, ನಂದಿನಿ ನಿಂತಿದ್ದು ಅದರ ಮ್ಯಾಲ.

ನೀ ಕ್ಲೈಮ್ ಕಳಸ್ತೀ ಅಂದ್ಯಲ್ಲ, ಅದು ಸಣ್ಣ ಮಾತಲ್ಲ. ಎಂಬಿಎ ಮುಗಿಸಿ ಬಂದ ಹುಡುಗರಿಗೆ ಒಂದು ಸ್ಕೀಮ್ ಕ್ಲೈಮ್ ಯಾಕ ರಿಜೆಕ್ಟ್ ಆತು ಅಂತ ತಿಳಿಸಾಕ ನನಗ ತಿಂಗಳುಗಟ್ಟಲೆ ಹಿಡೀತೈತಿ.

ಕ್ಲಿಕ್_ರಾಜಾಜಿನಗರ

ನಾನು ಬಿಎಸ್ಸಿ, ಎಂಬಿಎ ಇಲ್ಲ. ಬೆಂಗಳೂರಲ್ಲಿ ಡಿಜಿಟಲ್ ಏಜೆನ್ಸಿಯಲ್ಲಿ ಅಕೌಂಟ್ ಮ್ಯಾನೇಜರ್. ನನ್ನ ಉತ್ತರ ನೇರ: 5 ಲಕ್ಷ ಕೊಡಬೇಡ.

ಗೂಗಲ್‌ನವರ ಸ್ಕಿಲ್‌ಶಾಪ್‌ನಲ್ಲಿ ಗೂಗಲ್ ಆಡ್ಸ್ ಸರ್ಟಿಫಿಕೇಟ್ ಪೂರ್ತಿ ಉಚಿತ. 80% ಬಂದ್ರೆ ಪಾಸು, ಒಂದು ವರ್ಷ ಚಾಲ್ತಿ, ಆಮೇಲೆ ಮತ್ತೆ ಬರೀಬೇಕು. ಅನಲಿಟಿಕ್ಸ್ ಪಾಠವೂ ಅಲ್ಲೇ ಇದೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಮಾರ್ಕೆಟಿಂಗ್ ಪಾಠಗಳನ್ನು ಬಿಟ್ಟಿಯಾಗಿ ಕೇಳಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಸಣ್ಣ ಶುಲ್ಕ. ನಾವು ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ನೋಡೋದೂ ಕಡಿಮೆ. "ಏನು ಮಾಡಿದ್ದೀಯ ತೋರಿಸು" ಅಂತೀವಿ. ನಿನ್ನ ಚಿಕ್ಕಮ್ಮನ ಎಣ್ಣೆಗೆ ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೆ ನೂರು ರೂಪಾಯಿ ಇಟ್ಟು ಎರಡು ಥರದ ಜಾಹೀರಾತು ಓಡಿಸು. ಒಂದರಲ್ಲಿ ಕೊಬ್ಬರಿ ಬಟ್ಟಲು, ಇನ್ನೊಂದರಲ್ಲಿ ಗಾಣ ತಿರುಗೋ ವಿಡಿಯೋ. ಒಂದೊಂದು ಕ್ಲಿಕ್ಕಿಗೆ ಎಷ್ಟು ಬಿತ್ತು, ನೂರು ಜನ ಮೆಸೇಜ್ ಮಾಡಿದ್ರೆ ಎಷ್ಟು ಜನ ಹಣ ಕಳಿಸಿದ್ರು, ಒಂದು ಆರ್ಡರಿಗೆ ಜಾಹೀರಾತು ಖರ್ಚು ಎಷ್ಟಾಯ್ತು, ಬರೆದಿಡು. ಆ ಒಂದು ಎಕ್ಸೆಲ್ ಶೀಟು ತಂದು ಮುಂದಿಟ್ಟವರಿಗೆ ನಾನೇ ಕೆಲಸ ಕೊಟ್ಟಿದ್ದೀನಿ.

ಮೇಷ್ಟ್ರು_ಚಾಮುಂಡಿಪುರಂ

ಕ್ಲಿಕ್ ಅವರೇ, ಹೇಳಿದ್ದರಲ್ಲಿ ಬಹಳಷ್ಟನ್ನು ನಾನೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆದರೆ ಡಿಜಿಟಲ್ ಜಾಹೀರಾತು ಮಾರ್ಕೆಟಿಂಗ್‌ನ ಒಂದು ಭಾಗ ಮಾತ್ರ. ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಮ್ಯಾಕಾರ್ಥಿ 1960ರಲ್ಲಿ ಮುಂದಿಟ್ಟ ನಾಲ್ಕು ಪಿಗಳನ್ನು ಇವತ್ತಿಗೂ ಮೊದಲ ಸೆಮಿಸ್ಟರ್‌ನಲ್ಲಿ ಕಲಿಸುತ್ತೇವೆ: ಸರಕು (ಪ್ರಾಡಕ್ಟ್), ಬೆಲೆ (ಪ್ರೈಸ್), ಹಂಚಿಕೆ (ಪ್ಲೇಸ್), ಪ್ರಚಾರ (ಪ್ರಮೋಷನ್). ನೀವು ಹೇಳಿದ್ದೆಲ್ಲ ನಾಲ್ಕನೆಯದರ ಒಂದು ಮೂಲೆಯಲ್ಲಿದೆ. ಹುಬ್ಬಳ್ಳಿಯವರು ಹೇಳಿದ್ದು ಮೂರನೆಯದು. ಬೆಲೆ ಹೇಗೆ ನಿಗದಿ ಮಾಡಬೇಕು, ಸರ್ವೆಯ ಪ್ರಶ್ನೆಯನ್ನು ಹೇಗೆ ಕೇಳಿದರೆ ಜನ ನಿಜ ಹೇಳುತ್ತಾರೆ, ಮಾದರಿ ಎಷ್ಟು ದೊಡ್ಡದಿರಬೇಕು, ಈ ವಿಷಯಗಳನ್ನು ಕೆಲಸಕ್ಕೆ ಸೇರಿದ ಮೇಲೆ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ.

ಹುಡುಗಿಗೆ ಒಂದು ಮಾತು. ನೀನು ಫೋಟೋದ ಕೆಳಗೆ ತಾರೀಖು ಹಾಕಿದೆಯಲ್ಲ, ಅದು ತುಂಬಾ ಒಳ್ಳೆಯ ಯೋಚನೆ. ಪೇಟೆಯ ಗ್ರಾಹಕರಿಗೆ ಗಾಣದ ಎಣ್ಣೆಯ ಮೇಲೆ ಇರುವ ಅನುಮಾನ ಬೆಲೆಯದಲ್ಲ, ನಿಜವಾಗಿ ಗಾಣದ್ದಾ, ಯಾವಾಗಿನದು ಎನ್ನುವುದು. ನೀನು ಅದಕ್ಕೆ ಉತ್ತರ ಕೊಟ್ಟೆ. ಈಗ ಇನ್ನೊಂದು ಕೆಲಸ ಮಾಡು. ಒಮ್ಮೆ ತಗೊಂಡು ಮತ್ತೆ ತಗೊಳ್ಳದವರಿಗೆ ಫೋನ್ ಮಾಡಿ ಯಾಕೆ ಎಂದು ಕೇಳು. "ಎಣ್ಣೆ ಹೇಗಿತ್ತು" ಎಂದು ಕೇಳಬೇಡ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. "ಈಗ ಮನೆಯಲ್ಲಿ ಯಾವ ಎಣ್ಣೆ ಇದೆ" ಎಂದು ಕೇಳು. ಬಾಟಲಿ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಂಖ್ಯೆ ಇದೆಯೋ ಇಲ್ಲವೋ, ಅದನ್ನೂ ನೋಡಿಕೊಳ್ಳಿ.

ಡಿಗ್ರಿ ಬೇಕೇ ಬೇಡವೇ ಎಂದು ಹಾಗೇ ಕೇಳಿದರೆ ನಾನು ಉತ್ತರ ಹೇಳಲಾರೆ. ಯಾವ ಕಾಲೇಜು, ಎಷ್ಟು ಹಣ ಎಂದು ಕೇಳಿದರೆ ಹೇಳಬಲ್ಲೆ. ಮೈಸೂರು ವಿವಿಯ ಬಹದ್ದೂರ್ ಇನ್‌ಸ್ಟಿಟ್ಯೂಟ್, ಧಾರವಾಡದ ಕೌಸಾಳಿ, ಕುವೆಂಪು ವಿವಿಯ ಶಂಕರಘಟ್ಟ ವಿಭಾಗ, ಇಂಥ ವಿಶ್ವವಿದ್ಯಾಲಯದ್ದೇ ವಿಭಾಗಗಳಲ್ಲಿ ಶುಲ್ಕ ಖಾಸಗಿಗಿಂತ ಕಡಿಮೆ. ಪಿಜಿಸಿಇಟಿ ರ‍್ಯಾಂಕ್ ಚೆನ್ನಾಗಿ ಬಂದರೆ ಅಲ್ಲಿ 5 ಲಕ್ಷದ ಪ್ರಶ್ನೆಯೇ ಬಾರದಿರಬಹುದು.

ಬ್ಯಾಂಕ್_ಕೌಂಟರ್_ಶಿವಮೊಗ್ಗ

ಸಾಲದ ಲೆಕ್ಕವನ್ನು ಯಾರೂ ಹಾಕಲಿಲ್ಲ, ನಾನು ಹಾಕ್ತೀನಿ. ಬ್ಯಾಂಕಲ್ಲಿ ಶಿಕ್ಷಣ ಸಾಲದ ಅರ್ಜಿ ನೋಡೋದು ನನ್ನ ದಿನದ ಕೆಲಸ.

ಸರ್ಕಾರಿ ಬ್ಯಾಂಕುಗಳಲ್ಲಿ 7.5 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳಲ್ಲ. ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. 4 ಲಕ್ಷದ ಮೇಲಾದ್ರೆ 5% ನಿಮ್ಮ ಕೈಯಿಂದ ಹಾಕಿ ಅಂತಾರೆ. ಓದೋ ಎರಡು ವರ್ಷ, ಮುಗಿದ ಮೇಲೆ ಒಂದು ವರ್ಷ ಕಂತು ಇರಲ್ಲ. ಕಂತು ಇಲ್ಲ ಅಂದ ಮಾತ್ರಕ್ಕೆ ಬಡ್ಡಿ ಇಲ್ಲ ಅಂತ ಬಹಳ ಜನ ತಿಳ್ಕೊಂಡಿರ್ತಾರೆ. ಬಡ್ಡಿ ಮೊದಲ ದಿನದಿಂದಲೇ ಬೀಳುತ್ತೆ.

10.5% ಬಡ್ಡಿ ಅಂತ ಇಟ್ಕೊಳ್ಳಿ. ಮೊದಲ ವರ್ಷ ಎರಡೂವರೆ ಲಕ್ಷ, ಎರಡನೇ ವರ್ಷ ಎರಡೂವರೆ ಲಕ್ಷ ಬಿಡುಗಡೆ ಆಯ್ತು. ಕಂತು ಶುರುವಾಗೋ ಹೊತ್ತಿಗೆ ಸರಳ ಬಡ್ಡಿಯೇ ಸುಮಾರು 1.31 ಲಕ್ಷ ಸೇರಿ ಸಾಲ 6.31 ಲಕ್ಷ ಆಗಿರುತ್ತೆ. ಏಳು ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ ಹತ್ತಿರ ಹತ್ತಿರ 10,640. ಓದುವಾಗಲೇ ಅಪ್ಪ ಬಡ್ಡಿ ಕಟ್ಟಿಕೊಂಡು ಬಂದ್ರೆ, ಅಂದ್ರೆ ಮೊದಲ ವರ್ಷ ತಿಂಗಳಿಗೆ ಸುಮಾರು 2,190, ಆಮೇಲೆ 4,375, ಕಂತು 8,430ಕ್ಕೆ ಇಳಿಯುತ್ತೆ.

ಈಗ ತಿಪಟೂರಲ್ಲಿ ಮನೆ ಊಟ ತಿಂದು 14,000 ಕೈಗೆ ಬರ್ತಿದೆ. ಬೆಂಗಳೂರಲ್ಲಿ ಕೆಲಸ ಸಿಕ್ಕಿ, ಇರೋಕೆ ತಿನ್ನೋಕೆ ಓಡಾಡೋಕೆ 12,000 ಅಂತ ಕಡಿಮೆಯಲ್ಲೇ ಹಿಡೀತೀನಿ. 14,000, 12,000, 10,640 ಕೂಡಿಸಿ. ತಿಂಗಳಿಗೆ ಕೈಗೆ 36,640 ಬಂದ್ರೆ ನೀವು ಇವತ್ತು ಎಲ್ಲಿದ್ದೀರೋ ಅಲ್ಲೇ ಇರ್ತೀರ. ಕೈಗೆ ಅಷ್ಟು ಬರಬೇಕಂದ್ರೆ ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 5 ಲಕ್ಷದ ಹತ್ತಿರ ಇರಬೇಕು, ಅದೂ ಇನ್ಸೆಂಟಿವ್ ಬಿಟ್ಟು. ಆ ಕಾಲೇಜಿನ ಸಾಧಾರಣ ವಿದ್ಯಾರ್ಥಿಗೆ ಅಷ್ಟು ಸಿಗ್ತಿದೆಯಾ? ಅದೊಂದು ಗೊತ್ತಾದ್ರೆ ಮಿಕ್ಕ ಚರ್ಚೆ ಸುಲಭ.

ಕಲ್ಪತರು_ಹುಡುಗಿ

ಸರ್, ಈ ಲೆಕ್ಕವನ್ನು ಅಪ್ಪನ ಮುಂದೆ ಪೇಪರಲ್ಲಿ ಬರೆದು ತೋರಿಸಿದೆ. ಕಂತು ಇಲ್ಲದ ಮೂರು ವರ್ಷದ ಬಡ್ಡಿ ಅವರಿಗೂ ಗೊತ್ತಿರಲಿಲ್ಲ. ತುಂಬಾ ಉಪಕಾರ ಆಯ್ತು.

ಕಾಲೇಜಿನ ಬ್ರೋಷರ್‌ನಲ್ಲಿ "ಅತಿ ಹೆಚ್ಚು ಪ್ಯಾಕೇಜ್ 12 ಲಕ್ಷ" ಅಂತಿದೆ. "ಶೇ 95 ಪ್ಲೇಸ್‌ಮೆಂಟ್" ಅಂತಲೂ ಇದೆ. ಇದನ್ನು ನಂಬಬಹುದಾ?

ಮೇಷ್ಟ್ರು_ಚಾಮುಂಡಿಪುರಂ

ಅತಿ ಹೆಚ್ಚು ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದು, ನಿನಗೆ ಅದರಿಂದ ಏನೂ ತಿಳಿಯುವುದಿಲ್ಲ. ಸರಾಸರಿಯೂ ಸಾಲದು. ಹತ್ತು ಜನರಲ್ಲಿ ಒಬ್ಬನಿಗೆ 12 ಲಕ್ಷ, ಉಳಿದ ಒಂಬತ್ತು ಜನಕ್ಕೆ 3 ಲಕ್ಷ ಸಿಕ್ಕಿದರೆ ಸರಾಸರಿ 3.9 ಲಕ್ಷ ಬರುತ್ತದೆ, ಆದರೆ ಆ ಸಂಬಳ ಆ ಹತ್ತರಲ್ಲಿ ಯಾರಿಗೂ ಸಿಕ್ಕಿಲ್ಲ. ಸಾಲಾಗಿ ನಿಲ್ಲಿಸಿ ನಡುವಿನವರಿಗೆ ಎಷ್ಟು ಎಂದು ನೋಡಬೇಕು. ಅದು ಮೀಡಿಯನ್. ಇಲ್ಲಿ 3 ಲಕ್ಷ.

ಇದು ಸಿಗುವ ಜಾಗ ಒಂದಿದೆ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಪಿಡಿಎಫ್ ಆಗಿ ಹಾಕುತ್ತವೆ. ಅದರಲ್ಲಿ ಎರಡು ವರ್ಷದ ಪಿಜಿ ಕೋರ್ಸಿಗೆ ಸೇರಿದವರೆಷ್ಟು, ನಿಗದಿತ ಅವಧಿಯಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಮೀಡಿಯನ್ ಸಂಬಳ ಎಷ್ಟು ಎಂದು ವರ್ಷವಾರು ಇರುತ್ತದೆ. ನಿನ್ನ ಕಾಲೇಜಿನ ಹೆಸರಿನ ಜೊತೆ ಎನ್‌ಐಆರ್‌ಎಫ್ ಎಂದು ಹುಡುಕು. ಅರ್ಜಿಯನ್ನೇ ಹಾಕದ ಕಾಲೇಜಾದರೆ ಪ್ಲೇಸ್‌ಮೆಂಟ್ ಆಫೀಸರನ್ನು ನೇರವಾಗಿ ಕೇಳು. ಮಾರ್ಕೆಟಿಂಗ್ ತಗೊಂಡವರ ಪಟ್ಟಿ ಬೇಕು ಎಂದು ಒತ್ತಿ ಹೇಳು. ಫೈನಾನ್ಸ್‌ನವರದೂ ಸೇರಿಸಿ ಹೇಳಿದರೆ ನಿನಗೆ ಪ್ರಯೋಜನವಿಲ್ಲ.

ಉಡುಪಿ_ಅಪ್ಪ

ನಾನು ಮಾರ್ಕೆಟಿಂಗ್‌ನವನಲ್ಲ, ಮಗ ಎಂಬಿಎ ಮಾಡಿದವ. ನಮ್ಮ ಅನುಭವ ಹೇಳುತ್ತೇನೆ.

ಕ್ಯಾಂಪಸ್‌ನಲ್ಲೇ ಕೆಲಸ ಆಯಿತು ಅಂತ ಊರಿಗೆಲ್ಲ ಹೇಳಿಕೊಂಡೆವು. ಹುದ್ದೆ ಬಿಸಿನೆಸ್ ಡೆವಲಪ್‌ಮೆಂಟ್ ಅಂತ ಇತ್ತು. ಹೋಗಿ ನೋಡಿದರೆ ಆನ್‌ಲೈನ್ ಕೋಚಿಂಗ್ ಮಾರುವ ಕಂಪನಿ. ಬೆಳಿಗ್ಗಿಂದ ರಾತ್ರಿವರೆಗೆ ಫೋನ್. ಸಾಲ ಮಾಡಿಯಾದರೂ ಕೋರ್ಸ್ ತಗೊಳ್ಳಿ ಅಂತ ಬಡ ಪೋಷಕರಿಗೆ ಹೇಳಬೇಕಂತೆ. ಟಾರ್ಗೆಟ್ ಆಗದಿದ್ದರೆ ಎಲ್ಲರ ಎದುರು ನಿಲ್ಲಿಸಿ ಬೈಯುವುದು. ಸಂಬಳದಲ್ಲಿ ದೊಡ್ಡ ಪಾಲು ಇನ್ಸೆಂಟಿವ್, ಅದು ಕೈಗೆ ಬಂದದ್ದೇ ಇಲ್ಲ. ಮಗ ಒಂದು ದಿನ ಫೋನ್ ಮಾಡಿ "ಅಪ್ಪ, ಒಬ್ಬರು ಆಟೋ ಓಡಿಸುವವರಿಗೆ ಇವತ್ತು ಮಾರಿದೆ, ನನಗೆ ಊಟ ಸೇರುವುದಿಲ್ಲ" ಅಂದ. ನಾನೇ ಬಿಟ್ಟು ಬಾ ಅಂದೆ.

ಈಗ ಮಂಗಳೂರಿನಲ್ಲಿ ಟೈಲ್ಸ್ ಕಂಪನಿಯಲ್ಲಿ ಡೀಲರ್ ಸೇಲ್ಸ್ ನೋಡುತ್ತಾನೆ, ಖುಷಿಯಲ್ಲಿದ್ದಾನೆ. ಹಾಗಾಗಿ ಓದು ದಂಡ ಅಂತ ನಾನು ಹೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಕಂಪನಿ ಹೆಸರು ನೋಡಿ ಬಿಟ್ಟುಬಿಡಬೇಡಿ ಮಗಳೇ. ಏನು ಮಾರಬೇಕು, ಯಾರಿಗೆ ಮಾರಬೇಕು, ಖಾಯಂ ಸಂಬಳ ಎಷ್ಟು, ಇಷ್ಟು ಬರಹದಲ್ಲಿ ಉಂಟಾ ಅಂತ ಕೇಳಿ. ಹೋದ ವರ್ಷ ಸೇರಿದವರಲ್ಲಿ ಇಬ್ಬರ ನಂಬರ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹುಬ್ಬಳ್ಳಿ_ಬೀಟ್

ಕಾಕಾರ ಮಾತಿಗೆ ಇನ್ನೊಂದು ಸೇರಸ್ತೀನಿ. ಆಫರ್ ಲೆಟರ್ ಯಾರ ಲೆಟರ್‌ಹೆಡ್ ಮ್ಯಾಲ ಐತಿ ನೋಡು ತಂಗಿ. ಕ್ಯಾಂಪಸ್‌ನಾಗ ದೊಡ್ಡ ಬ್ರ್ಯಾಂಡಿನ ಹೆಸರು ಹೇಳ್ತಾರ, ಕಾಗದ ಬಂದಾಗ ಬ್ಯಾರೆ ಏಜೆನ್ಸಿ ಪೇರೋಲ್ ಇರತೈತಿ. ಆಫ್ ರೋಲ್ ಅಂತೀವಿ. ಕೆಲಸ ಅದ, ಬ್ಯಾಗು ಅದ, ಟಿ-ಶರ್ಟು ಅದ. ಆದ್ರ ಕಂಪನಿಯ ಪ್ರಮೋಷನ್ ಯಾದಿಯೊಳಗ ಹೆಸರ ಇರಂಗಿಲ್ಲ. ಆಫ್ ರೋಲ್‌ನಿಂದ ಆನ್ ರೋಲ್‌ಗೆ ಬಂದ ಹುಡುಗರು ನನ್ನ ಟೀಮಿನಾಗ ಅದಾರ, ಇಲ್ಲ ಅನ್ನಂಗಿಲ್ಲ, ಆದ್ರ ಅದಕ್ಕ ಟೈಮ್ ಹಿಡೀತೈತಿ.

ಟಿವಿ ಆಡ್ ಹ್ಯಾಂಗಿರಬೇಕು, ಹೊಸ ಶಾಂಪೂ ಯಾವ ಬಣ್ಣದ ಪೌಚಿನಾಗ ಬರಬೇಕು ಅಂತ ಠರಾಯಿಸೂ ಬ್ರ್ಯಾಂಡ್ ಮ್ಯಾನೇಜರ್ ಕೆಲಸ ನಿನ್ನ ಕನಸಿನಾಗ ಇದ್ರ ಅದನ್ನೂ ಬಿಚ್ಚಿ ಹೇಳ್ತೀನಿ. ದೊಡ್ಡ ಕಂಪನಿಗಳು ಅದಕ್ಕ ಐಐಎಂ, ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ, ದೆಹಲಿಯ ಎಫ್‌ಎಂಎಸ್, ಅಹಮದಾಬಾದಿನ ಮೈಕಾ, ಇಂಥ ಬೆರಳೆಣಿಕೆಯ ಕ್ಯಾಂಪಸ್ಸಿನಿಂದ ಮ್ಯಾನೇಜ್‌ಮೆಂಟ್ ಟ್ರೇನಿ ತಗೋತಾರ. ಅವರನ್ನೂ ಮೊದಲ ಬೀಟಿಗೆ ಕಳಸ್ತಾರ. ನನ್ನ ಏರಿಯಾಕ್ಕೂ ಬಂದಾರ, ಗದಗ, ರೋಣದ ಅಂಗಡಿ ತಿರುಗ್ಯಾರ. ಅವರು ಕೆಲವು ತಿಂಗಳ ಆದ ಮ್ಯಾಲ ಹೆಡ್ ಆಫೀಸಿಗೆ ಹೋಗ್ತಾರ, ನಮ್ಮಂಥವರು ಫೀಲ್ಡಿನಾಗ ಮ್ಯಾಲ ಏರ್ತೀವಿ. ಎರಡೂ ಮಾರ್ಗ ಛಲೋ ಅದಾವ. ಯಾವ ಕಾಲೇಜಿನಿಂದ ಯಾವ ಮಾರ್ಗ ಸಿಗತೈತಿ ಅನ್ನೂದು ಮೊದಲ ತಿಳಿದಿರಬೇಕು.

ಮಂಡ್ಯದ_ಸ್ಕೂಟಿ

ಇಲ್ಲಿವರೆಗೆ ಗಂಡಸರೇ ಮಾತಾಡಿದ್ದೀರ. ನಾನು ಸೌಂದರ್ಯವರ್ಧಕಗಳ ಕಂಪನಿಯಲ್ಲಿ ಸೇಲ್ಸ್ ಆಫೀಸರ್. ಮಂಡ್ಯ, ಮದ್ದೂರು, ಮಳವಳ್ಳಿ ನನ್ನ ಟೆರಿಟರಿ. ಎಂಬಿಎ ಮಾಡಿದ್ದೀನಿ.

ತಂಗಿ, ಫೀಲ್ಡ್ ಸೇಲ್ಸ್ ಹೆಣ್ಣುಮಕ್ಕಳಿಗೆ ಆಗಲ್ಲ ಅನ್ನೋರ ಮಾತು ಕಿವಿಗೆ ಹಾಕ್ಕೋಬೇಡ, ಆದರೆ ಕಷ್ಟ ಏನು ಅಂತ ಗೊತ್ತಿರಲಿ. ಮೊದಲನೇದು ಶೌಚಾಲಯ. ಯಾವ ಬೀಟಿನಲ್ಲಿ ಯಾವ ಪೆಟ್ರೋಲ್ ಬಂಕ್, ಯಾವ ಪರಿಚಯದ ಬ್ಯೂಟಿ ಪಾರ್ಲರ್ ಅಂತ ನನ್ನ ತಲೆಯಲ್ಲಿ ಒಂದು ನಕ್ಷೆನೇ ಇದೆ. ಬೀಟ್ ಪ್ಲಾನ್ ಹಾಕುವಾಗ ಅದನ್ನು ನೋಡಿಯೇ ಹಾಕ್ತೀನಿ. ಎರಡನೇದು, ಕೆಲವು ಡಿಸ್ಟ್ರಿಬ್ಯೂಟರ್‌ಗಳು ನಾನು ಎದುರಿಗೆ ಕೂತಿದ್ರೂ ನನ್ನ ಬಾಸ್‌ಗೆ ಫೋನ್ ಮಾಡಿ ಸ್ಕೀಮ್ ಕೇಳ್ತಿದ್ರು. ನಾನು ಜಗಳ ಆಡಲಿಲ್ಲ. ಅವರ ಬಾಕಿ ಕ್ಲೈಮ್ ಪಟ್ಟಿ ಮಾಡಿ, ಒಂದೊಂದೇ ಪಾಸ್ ಮಾಡಿಸಿ, ಆ ಹಣ ಅವರ ಲೆಕ್ಕಕ್ಕೆ ಜಮಾ ಆಯ್ತು ಅನ್ನೋ ಕ್ರೆಡಿಟ್ ನೋಟ್ ಕೈಗೆ ಕೊಟ್ಟೆ. ಆಮೇಲೆ ಫೋನ್ ನನಗೇ ಬರುತ್ತೆ. ಆ ಕ್ಲೈಮ್ ಕೆಲಸ ನಿನಗೆ ಈಗಲೇ ಗೊತ್ತಿದೆ, ಅದರ ಬೆಲೆ ನಿನಗೆ ಗೊತ್ತಾಗಿಲ್ಲ ಅಷ್ಟೇ.

ಎಂಬಿಎ ನನಗೆ ಏನು ಕೊಡ್ತು ಅಂದ್ರೆ, ಇಂಟರ್‌ವ್ಯೂ ಕೋಣೆ ಒಳಗೆ ಬಿಡ್ತು. ಸೇಲ್ಸ್ ಆಫೀಸರ್ ಹುದ್ದೆಗೆ ಎಂಬಿಎ ಅಂತ ನೋಟಿಫಿಕೇಶನ್‌ನಲ್ಲೇ ಇತ್ತು. ಇನ್ನೊಂದು, ಇಂಗ್ಲಿಷಿನಲ್ಲಿ ನಿಂತು ಪ್ರೆಸೆಂಟೇಶನ್ ಕೊಡೋ ಭಯ ಹೋಯ್ತು. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ನನ್ನಂಥವಳಿಗೆ ಅದು ಸಣ್ಣ ಲಾಭ ಅಲ್ಲ. ಯೂಟ್ಯೂಬ್ ನೋಡಿ ಆ ಭಯ ಹೋಗಲ್ಲ, ಹತ್ತು ಜನ ನಿನ್ನ ಮುಖ ನೋಡ್ತಾ ಕೂತಿರಬೇಕು.

ಕ್ಲಿಕ್_ರಾಜಾಜಿನಗರ

ಅಕ್ಕ ಹೇಳಿದ್ದು ಒಪ್ಪುವ ಮಾತು. ಏಜೆನ್ಸಿಯಲ್ಲೂ ಕ್ಲೈಂಟ್ ಎದುರು ಮಾತಾಡೋರಿಗೇ ಮುಂದೆ ದಾರಿ.

ಒಂದು ಮಾತು ಸೇರಿಸ್ತೀನಿ. ಜಾಹೀರಾತಿನ ಸಾಲು ಬರೆಯೋದು, ಪೋಸ್ಟರ್ ಮಾಡೋದು, ಹೊಸಬರು ಮಾಡ್ತಿದ್ದ ಇಂಥ ಕೆಲಸಕ್ಕೆ ಈಗ ಎಐ ಬಂದಿದೆ. ನಮ್ಮಲ್ಲಿ ಆ ಥರದ ಕೆಲಸಕ್ಕೆ ಜನ ತಗೊಳ್ಳೋದು ಕಡಿಮೆಯಾಗಿದೆ. ಹಾಗಾಗಿ ಬರೀ ಟೂಲ್ ಕಲಿಸೋ ಮೂರು ತಿಂಗಳ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ 50-60 ಸಾವಿರ ಸುರಿಯೋದೂ ಬೇಡ, ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಬೋರ್ಡ್ ಹಾಕಿದ್ರಂತೂ ಹತ್ತಿರ ಹೋಗಬೇಡ. ಕೊಬ್ಬರಿ ಎಣ್ಣೆಗೆ ತಾರೀಖು ಹಾಕಬೇಕು ಅಂತ ಯಾವ ಟೂಲೂ ನಿನಗೆ ಹೇಳಲಿಲ್ಲ. ಗಿರಾಕಿ ಮನಸ್ಸು ಓದೋದು ನಿನಗೆ ಬರುತ್ತೆ. ಅದನ್ನು ಬೆಳೆಸಿಕೋ.

ಕಲಬುರಗಿ_ಸಂಜೆಕ್ಲಾಸು

ದೂರ ಶಿಕ್ಷಣದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುತ್ತಲೇ ದೂರ ಶಿಕ್ಷಣದಲ್ಲಿ ಎಂಬಿಎ ಮುಗಿಸಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ, ಇಗ್ನೋ, ಎರಡರಲ್ಲೂ ಎಂಬಿಎ ಇದೆ. ಶುಲ್ಕ ಸಂಬಳದಲ್ಲೇ ಕಟ್ಟುವಷ್ಟು. ಯುಜಿಸಿ ಮಾನ್ಯತೆ ಇರುವ ದೂರ ಶಿಕ್ಷಣ, ಆನ್‌ಲೈನ್ ಪದವಿಗಳು ರೆಗ್ಯುಲರ್‌ಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಸೇರುವ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರ ಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಬೇಕು.

ಕ್ಯಾಂಪಸ್ ಪ್ಲೇಸ್‌ಮೆಂಟ್ ಇದರಲ್ಲಿ ನಿರೀಕ್ಷಿಸಬೇಡಿ. ನನಗೆ ಉಪಯೋಗವಾದದ್ದು ಒಳಗಿನ ಬಡ್ತಿಗೆ. ಶೋರೂಮ್ ಮ್ಯಾನೇಜರ್ ಹುದ್ದೆಗೆ ಪದವಿ ಕೇಳಿದರು, ನನ್ನ ಹತ್ತಿರ ಇತ್ತು.

ಲೀಡ್ಸ್_ಕನ್ನಡಿಗ

ಖಾಸಗಿ ಸಂದೇಶದಲ್ಲಿ ಇಬ್ಬರು ಯುಕೆ ಬಗ್ಗೆ ಕೇಳಿದ್ರು, ಇಲ್ಲೇ ಹೇಳಿಬಿಡ್ತೀನಿ. ಇಲ್ಲಿ ಎಂಎಸ್ಸಿ ಮಾರ್ಕೆಟಿಂಗ್ ಒಂದೇ ವರ್ಷ, ಆ ಆಕರ್ಷಣೆಗೆ ಬಹಳ ಜನ ಬರ್ತಾರೆ. ಓದು ಚೆನ್ನಾಗಿದೆ. ಆದರೆ ಓದಿದ ಮೇಲೆ ಇಲ್ಲಿ ಕೆಲಸಕ್ಕೆ ನಿಲ್ಲೋಕೆ ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಕನಿಷ್ಠ ವಾರ್ಷಿಕ ಸಂಬಳ 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿತು. ಹೊಸದಾಗಿ ಓದು ಮುಗಿಸಿದವರಿಗೆ ಸ್ವಲ್ಪ ರಿಯಾಯಿತಿ ಇದೆ, ಆದರೂ ಮಾರ್ಕೆಟಿಂಗ್‌ನ ಮೊದಲ ಕೆಲಸಕ್ಕೆ ಅಷ್ಟು ಕೊಟ್ಟು ವೀಸಾ ಮಾಡಿಸೋ ಕಂಪನಿ ಸಿಗೋದು ಕಷ್ಟ. ಮನೆ ಅಡ ಇಟ್ಟು ಈ ಕೋರ್ಸಿಗೆ ಬರಬೇಡಿ ಅಂತ ಕೈ ಮುಗಿದು ಹೇಳ್ತೀನಿ.

ಕಲ್ಪತರು_ಹುಡುಗಿ

ಎಲ್ರಿಗೂ, ವಾರ ಬಿಟ್ಟು ಬರೀತಿದ್ದೀನಿ. ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಆ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರನ್ನು ಭೇಟಿ ಮಾಡಿ ಬಂದ್ವಿ. ಮೇಷ್ಟ್ರು ಹೇಳಿದ ಹಾಗೆ ಮಾರ್ಕೆಟಿಂಗ್‌ನವರ ಪಟ್ಟಿ ಬೇಕು ಅಂದೆ. ಮೊದಲು ಕೊಡೋಕೆ ಹಿಂದೆಮುಂದೆ ನೋಡಿದ್ರು, ಅಪ್ಪ ಎದ್ದೇಳಲಿಲ್ಲ, ಆಮೇಲೆ ತೋರಿಸಿದ್ರು. ಬಹಳಷ್ಟು ಖಾಸಗಿ ಬ್ಯಾಂಕಿನ ಸೇಲ್ಸು, ಇನ್ಶೂರೆನ್ಸು, ರಿಯಲ್ ಎಸ್ಟೇಟು. ಹೆಚ್ಚಿನವು 3ರಿಂದ 3.5 ಲಕ್ಷದ ನಡುವೆ. 12 ಲಕ್ಷದ್ದು ಕೇಳಿದ್ರೆ, ಆ ಹುಡುಗ ಎಂಬಿಎಗೆ ಮುಂಚೆ ಐದು ವರ್ಷ ಐಟಿ ಕಂಪನಿಯಲ್ಲಿ ಇದ್ದನಂತೆ. ಹೋದ ವರ್ಷ ಪಾಸಾದ ಒಬ್ಬ ಅಕ್ಕನ ನಂಬರ್ ಸಿಕ್ತು. ಅವರು ಪಾಠ ಚೆನ್ನಾಗಿತ್ತು, ಪ್ರಾಜೆಕ್ಟ್ ಚೆನ್ನಾಗಿತ್ತು ಅಂದ್ರು. ಸಂಬಳ ಕೈಗೆ 24,000 ಅಂದ್ರು. ಬ್ಯಾಂಕ್ ಸರ್ ಲೆಕ್ಕದ 36,640 ಎಲ್ಲಿ, ಇದೆಲ್ಲಿ.

ಅದಕ್ಕೆ ಆ ಸೀಟಿಗೆ ಈ ವರ್ಷ ಹೋಗಲ್ಲ. ಎಂಬಿಎ ಆಸೆ ಬಿಟ್ಟಿಲ್ಲ. ಮುಂದಿನ ಪಿಜಿಸಿಇಟಿಗೆ ಈಗಿಂದಲೇ ಓದ್ತೀನಿ, ಮೈಸೂರು, ಶಂಕರಘಟ್ಟ ಗುರಿ. ಅಲ್ಲಿ ಸಿಕ್ಕರೆ ಸಾಲ ಇಲ್ಲದೆ ಅಥವಾ ಸ್ವಲ್ಪ ಸಾಲದಲ್ಲಿ ಆಗುತ್ತೆ. ಅಷ್ಟರಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ಓನರ್ ಹತ್ರ ಹೋಗಿ ವಾರಕ್ಕೆ ಎರಡು ದಿನ ಸೇಲ್ಸ್‌ಮನ್ ಜೊತೆ ಬೀಟಿಗೆ ಕಳಿಸಿ ಅಂತ ಕೇಳಿದೆ. ಮೊದಲು ಆಶ್ಚರ್ಯಪಟ್ಟರು, ಆಮೇಲೆ ತಿಪಟೂರು ಟೌನು, ನೊಣವಿನಕೆರೆ ಲೈನು ಒಪ್ಪಿದ್ದಾರೆ. ಬಿಲ್ಲಿಂಗ್ ಸಂಜೆ ಮುಗಿಸಿಕೊಡಬೇಕು ಅನ್ನೋ ಷರತ್ತು.

ಮೇಷ್ಟ್ರೇ, ಮತ್ತೆ ಎಣ್ಣೆ ತಗೊಳ್ಳದವರಿಗೆ ಫೋನ್ ಮಾಡಿದೆ. ನೀವು ಹೇಳಿದ ಪ್ರಶ್ನೆನೇ ಕೇಳಿದೆ. ಮೂರ್ನಾಲ್ಕು ಜನ ಒಂದೇ ಮಾತು ಹೇಳಿದ್ರು: ಒಂದು ಲೀಟರ್ ಖಾಲಿ ಆಗೋದೇ ಇಲ್ಲ, ಇನ್ನೂ ಅದೇ ಇದೆ. ಎಣ್ಣೆ ಬೇಡ ಆಗಿಲ್ಲ, ಬಾಟಲಿ ದೊಡ್ಡದಾಗಿದೆ. ಚಿಕ್ಕಮ್ಮ ಅರ್ಧ ಲೀಟರ್, ಕಾಲು ಲೀಟರ್ ಬಾಟಲಿಗೆ ಹೇಳಿದ್ದಾರೆ.

ಮೇಷ್ಟ್ರು_ಚಾಮುಂಡಿಪುರಂ

ಇದನ್ನು ಓದಿ ಬಹಳ ಸಂತೋಷವಾಯಿತು. ಕಾಲು ಲೀಟರ್‌ಗೆ ಲೀಟರ್ ಬೆಲೆಯನ್ನು ನಾಲ್ಕರಿಂದ ಭಾಗಿಸಬೇಡಿ. ಬಾಟಲಿ, ಪ್ಯಾಕಿಂಗ್, ಕೊರಿಯರ್ ಖರ್ಚು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುವುದಿಲ್ಲ. ಅದನ್ನು ಪ್ರತ್ಯೇಕ ಲೆಕ್ಕ ಹಾಕಿ ಬೆಲೆ ಇಡಿ. ಮುಂದಿನ ವರ್ಷ ಸೀಟು ಸಿಕ್ಕಾಗ ಸಮ್ಮರ್ ಪ್ರಾಜೆಕ್ಟಿಗೆ ಈ ಲೆಕ್ಕವೇ ಸಾಕಷ್ಟು ವಿಷಯ ಕೊಡುತ್ತದೆ, ಪುಸ್ತಕದಲ್ಲಿ ಬರೆದಿಟ್ಟುಕೋ.

ಹುಬ್ಬಳ್ಳಿ_ಬೀಟ್

ಶಾಬಾಸ್ ತಂಗಿ. ಬೀಟಿಗೆ ತಿಂಗಳ ಮೊದಲನೇ ವಾರ ಶುರು ಮಾಡು. ಕಡೀ ವಾರ ಸೇಲ್ಸ್‌ಮನ್‌ಗೆ ಟಾರ್ಗೆಟ್ ತಲಿಬ್ಯಾನಿ ಇರತೈತಿ, ನಿನಗ ಏನೂ ಹೇಳಿಕೊಡಾಕ ಪುರಸೊತ್ತು ಇರಂಗಿಲ್ಲ. ಮೊದಲಿನ ದಿನ ಆರ್ಡರ್ ಕೇಳಬ್ಯಾಡ. ಕೌಂಟರ್ ಬಾಜೂ ನಿಂತು ಗಿರಾಕಿ ಬ್ರ್ಯಾಂಡ್ ಹೆಸರು ಹೇಳಿ ಕೇಳ್ತಾರೋ, ಬರೇ "ಒಂದು ಸೋಪ್ ಕೊಡ್ರಿ" ಅಂತಾರೋ ನೋಡು. ಬರೇ ಸೋಪ್ ಕೊಡ್ರಿ ಅಂದಾಗ ಅಂಗಡಿಯವ ಯಾವುದಕ್ಕ ಕೈ ಹಾಕ್ತಾನ, ಯಾಕ ಹಾಕ್ತಾನ, ಸಂಜಿಕ ಇಲ್ಲೇ ಬರದು ಹಾಕು. ಅವನ ಮಾರ್ಜಿನ್ನು ಎಷ್ಟು ಅಂತ ನಿನ್ನ ಬಿಲ್ಲಿಂಗ್ ಸಾಫ್ಟ್‌ವೇರಿನಾಗ ಹೆಂಗೂ ಐತಿ, ಎರಡೂ ಕೂಡಿಸಿ ನೋಡೂಣು.